ಕೈ ಏಳುವಷ್ಟು ಸ್ನಾನ

ಹೊಳೆದಂಡೆಯ ಮಠದಲ್ಲಿ ಎಂಬತ್ತು ದಾಟಿದ ಗುರು ಇದ್ದರು. ಅವರಿಗೆ ಎಪ್ಪತ್ತೊಂದು ವರ್ಷದ ಶಿಷ್ಯ, ಮಾದಯ್ಯ.

ದಿನಾ ಬೆಳಿಗ್ಗೆ ಗುರು ಹೊಳೆಯ ಮೆಟ್ಟಿಲ ಮೇಲೆ ನಿಲ್ಲುವರು. ಮಾದಯ್ಯ ಬಲಗೈಯಲ್ಲಿ ಚೊಂಬೆತ್ತಿ ಅವರ ನೆತ್ತಿಗೆ ನೀರು ಹಾಕುವನು. ನಲವತ್ತು ವರ್ಷದಿಂದ ಅವನಿಗಿದ್ದ ಕೆಲಸ ಇದು, ಮಾನವೂ ಇದೇ. ಎಡಗೈಯಲ್ಲಿ ಗುರುವಿಗೆ ನೀರು ಹಾಕುವ ಪದ್ಧತಿ ಆ ಮಠದಲ್ಲಿ ಇರಲಿಲ್ಲ.

ಒಂದು ದಿನ ಮಾದಯ್ಯ ಅದೇ ಮೆಟ್ಟಿಲ ಮೇಲೆ ಜಾರಿ ಬಿದ್ದ. ಬಲ ಮೊಣಕೈ ಮುರಿಯಿತು.

ಪೇಟೆಯ ಡಾಕ್ಟರು ಕೈಯನ್ನು ಬಟ್ಟೆಯಿಂದ ಕೊರಳಿಗೆ ತೂಗುಹಾಕಿ, "ಮೂರು ವಾರ ಹೀಗಿರಲಿ. ಆಮೇಲೆ ದಿನಾ ಮಡಚಿ, ಬಿಡಿಸಿ" ಎಂದರು.

ಮಾದಯ್ಯ ಅದನ್ನು ನಲವತ್ತೆಂಟನೆಯ ದಿನ ಬಿಚ್ಚಿದ. ಅಲ್ಲಿಯವರೆಗೆ ಮಠದ ಹುಡುಗನೊಬ್ಬ ಗುರುವಿಗೆ ನೀರು ಹಾಕಿದ್ದ. ಕೈ ಕುಡುಗೋಲಿನಂತೆ ಬಾಗಿ ಬಿಗಿದುಕೊಂಡಿತ್ತು.

"ಮೂರು ವಾರ ಅಂದಿದ್ದರಲ್ಲೋ?" ಗುರು ಕೇಳಿದರು.

"ಒಂದು ಮಂಡಲ ಪೂರ್ತಿ ಮಾಡಿಬಿಡೋಣ ಅಂತ, ಬುದ್ಧಿ. ಹಿಡಿದ ವ್ರತ ಅರ್ಧಕ್ಕೆ ಬಿಡಬಾರದು ಅಂತ ತಾವೇ ಅಪ್ಪಣೆ ಕೊಡಿಸಿದ್ದಿರಿ."

"ನಿನಗೆ ಹೇಳಿದ್ದೆ. ನಿನ್ನ ಮೊಣಕೈಗೆ ಹೇಳಿರಲಿಲ್ಲ."

ಮಾದಯ್ಯ ತಲೆ ತಗ್ಗಿಸಿದ. "ಇನ್ನು ಮೇಲೂ ಬೇರೆಯವರೇ ನೀರು ಹಾಕಲಿ, ಬುದ್ಧಿ."

"ಬೇರೆ ಯಾರೂ ಬೇಡ. ನಿನ್ನ ಕೈ ಎಲ್ಲಿಯವರೆಗೆ ಏಳುತ್ತದೋ ಅಲ್ಲಿಯವರೆಗೆ ನನ್ನ ಸ್ನಾನ."

ಮರುದಿನ ಚೊಂಬು ಮಂಡಿಯವರೆಗೆ ಎದ್ದಿತು. ಮಂಡಿಯಿಂದ ಮೇಲಿನ ಗುರು ಒಣಗಿಯೇ ಉಳಿದರು.

ಆ ವಾರ ಭಕ್ತರು ಭಕ್ತಿಯಲ್ಲೇನೂ ಕಡಿಮೆ ಮಾಡದೆ, ಎರಡು ಮಾರು ದೂರ ಕುಳಿತರು.

ಮಾದಯ್ಯನಿಗೆ ನಾಚಿಕೆಯಾಯಿತು. ಹೊತ್ತುಹೊತ್ತಿಗೆ ಕೈ ಮಡಚಿದ, ಬಿಡಿಸಿದ. ಹಲ್ಲು ಕಚ್ಚಿಕೊಂಡು ಮಠದ ಒದ್ದೆ ಪಂಚೆಗಳನ್ನೆಲ್ಲ ಹಿಂಡಿದ. ಖಾಲಿ ಚೊಂಬು ಎತ್ತಿದ, ಕಾಲು ಚೊಂಬು ಎತ್ತಿದ, ಅರ್ಧ ಚೊಂಬು ಎತ್ತಿದ.

ಒಂದು ಸಂಜೆ ಇಬ್ಬರೂ ಹೊಳೆ ನೋಡುತ್ತ ಕುಳಿತಿದ್ದರು.

"ಆ ಕೈ ಎಂಥ ಕೈ, ಬುದ್ಧಿ! ತುಂಬಿದ ಹೊಳೆಯಲ್ಲಿ ಹರಿಗೋಲಿನ ಹಗ್ಗ ಹಿಡಿದು ಒಬ್ಬನೇ ದಡಕ್ಕೆ ಎಳೆದಿದ್ದೆ. ತಾವೂ ಅದರಲ್ಲಿದ್ದಿರಿ."

"ಇದ್ದೆ. ನಾನು, ಎರಡು ಮೂಟೆ ಬೆಲ್ಲ, ಒಂದು ಮೇಕೆ. ನೀನು ಎಳೆದ ರಭಸಕ್ಕೆ ಮೇಕೆ ಬಂದು ನನ್ನ ತೊಡೆ ಮೇಲೆ ಕೂತಿತ್ತು."

"ಆಗ ತಮ್ಮ ಗಡ್ಡ ಕಪ್ಪಗಿತ್ತು."

"ನೀನು ನೀರು ಹಾಕಿದರೆ ಮಧ್ಯಾಹ್ನದವರೆಗೆ ಕಿವಿ ಗುಂಯ್ ಅನ್ನುತ್ತಿತ್ತು."

ಆ ಗುಂಯ್ ಸದ್ದು ಇನ್ನೂ ಎಲ್ಲೋ ಇದೆಯೇನೋ ಎಂಬಂತೆ ಗುರು ಕಿವಿ ಮುಟ್ಟಿಕೊಂಡರು.

"ಆ ಕೈ ಮತ್ತೆ ಬರುತ್ತಾ, ಬುದ್ಧಿ?"

"ಆ ಮೇಕೆ ಬರುತ್ತಾ?"

ತಿಂಗಳುಗಳು ಕಳೆದವು. ಸ್ನಾನ ಸೊಂಟಕ್ಕೆ ಏರಿತು, ಎದೆಗೆ ಏರಿತು, ಹೆಗಲಿಗೆ ಬಂತು. ಭಕ್ತರು ಹತ್ತಿರ ಬಂದರು.

ಹೆಗಲಿಗೆ ಬಂದದ್ದು ಅಲ್ಲೇ ನಿಂತಿತು. ಮಾದಯ್ಯ ಇನ್ನೆರಡು ತಿಂಗಳು ಬೆವರು ಸುರಿಸಿದ. ಒಂದಂಗುಲವೂ ಏರಲಿಲ್ಲ.

ಡಾಕ್ಟರು ಕೈಯನ್ನು ಹಿಡಿದು ನೋಡಿ, "ಈ ವಯಸ್ಸಿಗೆ ಇಷ್ಟು ಬಂದಿದ್ದೇ ದೊಡ್ಡದು. ಮಾಡುತ್ತಿರಿ, ಬಂದ ಬಲ ಉಳಿಯುತ್ತದೆ. ಆದರೆ ಕೈ ಇನ್ನು ಮೇಲೆ ಏಳಲಿಕ್ಕಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಮಾದಯ್ಯ ಚೊಂಬನ್ನು ಗುರುವಿನ ಪಾದದ ಬಳಿ ಇಟ್ಟ.

"ಇಷ್ಟೇ, ಬುದ್ಧಿ. ತಮ್ಮ ನೆತ್ತಿಗೆ ಇನ್ನು ನನ್ನ ಕೈಯಿಂದ ನೀರಿಲ್ಲ. ಈ ಕೆಲಸ ಬೇರೆಯವರಿಗೆ ಕೊಡಿ."

"ಚೊಂಬು ತುಂಬು."

ತುಂಬಿದ.

"ಎತ್ತು."

ಚೊಂಬು ಹೆಗಲಿನ ಎತ್ತರಕ್ಕೆ ಎದ್ದು ನಿಂತಿತು. ಒಂದು ಹನಿಯೂ ತುಳುಕಲಿಲ್ಲ.

ಗುರು ಕಣ್ಣು ಮುಚ್ಚಿ, ಶಿಷ್ಯನ ಮುಂದೆ ತಲೆ ಬಗ್ಗಿಸಿದರು. ಬೆಳ್ಳಗಿನ ನೆತ್ತಿ ಸರಿಯಾಗಿ ಚೊಂಬಿನ ಕೆಳಗೆ ಬಂತು.

ಮಾದಯ್ಯ ನೆತ್ತಿಗೆ ನೀರು ಹಾಕಿದ.

"ಇದನ್ನು ಮೊದಲ ದಿನವೇ ಮಾಡಬಹುದಿತ್ತಲ್ಲ, ಬುದ್ಧಿ!"

"ಎಷ್ಟು ಬಗ್ಗಬೇಕು ಅಂತ ಮೊದಲ ದಿನ ಹೇಗೆ ಗೊತ್ತಾಗುತ್ತಿತ್ತು, ಮಾದಯ್ಯ?"