ಬಾರ್ದಾಸನ ಸೀಸದ ಮುದ್ರೆ

ಬೈಜಾಂಟಿಯಂ ಸಾಮ್ರಾಜ್ಯದ ಕಾಲ. ನದಿಯ ದಂಡೆಯಲ್ಲೊಂದು ಪುಟ್ಟ ಕ್ರೈಸ್ತ ಮಠ. ಅಲ್ಲಿ ನಿಕೋನ್ ಎಂಬ ಕುರುಡ ಗುರುಗಳಿದ್ದರು.

ಬಾರ್ದಾಸ್ ಅವರ ಶಿಷ್ಯನಾಗಿ ಬಂದು ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಅವನು ಆ ಪ್ರಾಂತ್ಯದ ನ್ಯಾಯಾಧೀಶ.

ಒಂದು ಬೆಳಿಗ್ಗೆ ಗುರುಗಳ ಹಾಸಿಗೆಯ ಹುಲ್ಲು ಬದಲಿಸುವಾಗ ಏನೋ ನೆಲಕ್ಕೆ ಬಿತ್ತು. ನೋಡಿದರೆ ಸೀಸದ ಬಿಲ್ಲೆ. ಸರ್ಕಾರಿ ಪತ್ರಗಳ ದಾರಕ್ಕೆ ಒತ್ತುವ ಮುದ್ರೆ.

ಒಂದು ಬದಿಯಲ್ಲಿ ದೇವಮಾತೆಯ ಚಿತ್ರ. ಸುತ್ತಲೂ ಅಕ್ಷರ: 'ತಾಯೇ, ನಿನ್ನ ಸೇವಕನನ್ನು ಕಾಪಾಡು.'

ಮಗುಚಿ ನೋಡಿದ. 'ಬಾರ್ದಾಸ್, ನ್ಯಾಯಾಧೀಶ.'

ಅವನು ಗುರುಗಳ ಕಡೆ ತಿರುಗಿದ.

"ಗುರುಗಳೇ, ಇದು... ಇದು ನಿಮ್ಮ ಹತ್ತಿರ ಹೇಗೆ ಬಂತು?"

ನಿಕೋನ್ ಕೈ ಚಾಚಿ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದರು.

"ನನ್ನ ಕಣ್ಣು ಕೀಳಿಸಿದ ಆಜ್ಞಾಪತ್ರಕ್ಕೆ ಕಟ್ಟಿತ್ತು. ಪತ್ರವನ್ನು ಸೈನಿಕರು ಒಯ್ದರು. ಇದು ಕಿತ್ತು ಬಿದ್ದಿತ್ತು. ತಡಕಾಡಿ ಎತ್ತಿಕೊಂಡೆ."

ಬಾರ್ದಾಸ್ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟ.

"ನೀವು ಮಾಡಿದ ತಪ್ಪೇನು?"

"ಕಾಗದ ಬರೆದುಕೊಡುವುದು ನನ್ನ ಕಸುಬಾಗಿತ್ತು. ದಂಗೆ ಎದ್ದ ಸೈನಿಕನೊಬ್ಬನಿಗೆ ಬರೆದುಕೊಟ್ಟೆ. ಹೆಂಡತಿಗೆ ಹೆರಿಗೆ ಆಯಿತೇ ಎಂದು ಕೇಳಿದ್ದ, ಅಷ್ಟೇ."

"ಅಯ್ಯೋ! ದಿನಕ್ಕೆ ಐವತ್ತು ಪತ್ರ ಬರುತ್ತಿದ್ದವು. ಗುಮಾಸ್ತ ಮುಂದಿಟ್ಟದ್ದಕ್ಕೆಲ್ಲ ಮುದ್ರೆ ಒತ್ತುತ್ತಿದ್ದೆ. ಓದುತ್ತಲೇ ಇರಲಿಲ್ಲ."

"ಪತ್ರ ಓದಲಿಲ್ಲ, ಸರಿ. ಮುದ್ರೆಯನ್ನಾದರೂ ಓದುತ್ತಿದ್ದೆಯಾ?"

"ಇಲ್ಲ. ಅಚ್ಚು ಚೆನ್ನಾಗಿ ಮೂಡಿದೆಯೇ ಎಂದಷ್ಟೇ ನೋಡುತ್ತಿದ್ದೆ."

ಬಾರ್ದಾಸ್ ಗುರುಗಳ ಹತ್ತಿರಕ್ಕೆ ಬಂದ.

"ನಾನು ಯಾರೆಂದು ನಿಮಗೆ ಗೊತ್ತಿತ್ತೇ?"

"ಬಾಗಿಲಲ್ಲಿ ನಿಂತು ಹೆಸರು, ಹುದ್ದೆ ಎಲ್ಲ ಹೇಳಿದೆಯಲ್ಲ, ಆವತ್ತೇ ಗೊತ್ತಾಯಿತು. ಆ ದಿನ ನನಗೆ ಊಟ ಸೇರಲಿಲ್ಲ."

"ಮತ್ತೆ ಏಕೆ ಓಡಿಸಲಿಲ್ಲ?"

"ಕಣ್ಣು ಹೋದ ಹೊಸತರಲ್ಲಿ, ನಿನ್ನ ಹೆಸರು ಅಳಿಸಿಹೋಗಲಿ ಎಂದು ಇದನ್ನು ಕಲ್ಲಿಗೆ ಹಾಕಿ ಉಜ್ಜುತ್ತಿದ್ದೆ. ನನ್ನ ಬೆರಳೇ ಸುಲಿದುಹೋಯಿತು. ಬೇಸತ್ತು ಮಗುಚಿದೆ. ಆ ಬದಿಯಲ್ಲಿ ನಿನ್ನ ಪ್ರಾರ್ಥನೆ ಬೆರಳಿಗೆ ತಾಗಿತು."

ಬಾರ್ದಾಸ್ ಅವರ ಪಾದದ ಬಳಿ ಕುಸಿದು ಕುಳಿತ.

"ಈಗ ನಾನೇನು ಮಾಡಲಿ, ಗುರುಗಳೇ?"

ನಿಕೋನ್ ಅವನ ಕೈ ಹುಡುಕಿ, ಮುದ್ರೆಯನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ಹನ್ನೊಂದು ವರ್ಷ ಆ ಪ್ರಾರ್ಥನೆಯನ್ನು ನಿನ್ನ ಪರವಾಗಿ ನಾನು ಹೇಳಿದೆ. ಇನ್ನು ನೀನೇ ಹೇಳಿಕೋ."