ಅರೆದು ಕುಡಿದ ಚಿಕ್ಕಸ್ವಾಮಿ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಕೇಳಿ. ನಿಂಗಾಜಮ್ಮನಿಗೆ ಒಬ್ಬನೇ ಮಗ, ಚಿಕ್ಕಸ್ವಾಮಿ. ಬಾಗಿಲು ನೋಡ್ಕೊಳೋ ಅಂದರೆ ಬಾಗಿಲನ್ನೇ ನೋಡುತ್ತ ಕೂರೋನು. ಹಿತ್ತಿಲಿಂದ ನಾಯಿ ಬಂದು ಮುದ್ದೆ ತಿಂದು ಹೋಗೋದು.

ಅಪ್ಪ ಶಾಲೆಯಲ್ಲಿ ಜವಾನನಾಗಿದ್ದು ತೀರಿಕೊಂಡಿದ್ದ. ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಆ ಕೆಲಸ ಮಗನಿಗೇ ಅಂದಿದ್ದರು ಮೇಲಿನವರು. ಲೆಕ್ಕ ಪಾಸಾಯಿತು, ಕೂಡು ಅಂದರೆ ಕೂಡೋದೇ ತಾನೆ! ಉಳಿದವೂ ಹೇಗೋ ದಾಟಿದವು. ನಿಂತದ್ದು ಒಂದೇ: ಕನ್ನಡ! ಅದಕ್ಕೂ ಇದೇ ಕೊನೇ ಸಲ.

"ಹುಟ್ಟಿದಾಗಿಂದ ಆಡೋ ಮಾತಲ್ಲೇ ಫೇಲಾದ್ಯಲ್ಲೋ!" ಅಂತ ಹಣೆ ಚಚ್ಚಿಕೊಂಡು ನಿಂಗಾಜಮ್ಮ ಅವನನ್ನು ಟ್ಯೂಷನ್ ಮೇಷ್ಟ್ರು ನಂಜುಂಡಾರಾಧ್ಯರ ಜಗಲಿಗೆ ಎಳೆದೊಯ್ದಳು. 'ಪಾಸ್ ಗ್ಯಾರಂಟಿ' ಅಂತ ಬೋರ್ಡು. ಪರೀಕ್ಷೆ ಹತ್ತಿರ ಬಂತೋ, ಮೇಷ್ಟ್ರ ಕ್ರಮ ಬಲು ಸುಲಭ: ಪೇಪರಿನಿಂದ ಕಣ್ಣೆತ್ತದೆ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿ ಮನೆಗೆ ಅಟ್ಟೋದು.

"ಪದ್ಯ ಪೂರ್ತಿ ಅರೆದು ಕುಡಿದುಬಿಡು, ಹೋಗು!"

ಚಿಕ್ಕಸ್ವಾಮಿ ಪದ್ಯದ ಹಾಳೆ ಹರಿದ, ಕಲ್ಲಿನ ಮೇಲೆ ಅರೆದ ಅರೆದ, ಮಜ್ಜಿಗೆಗೆ ಬೆರೆಸಿ ಕುಡಿದ. ಎರಡು ದಿನ ಹೊಟ್ಟೆ ಹಿಡಿದುಕೊಂಡು ಹೊರಳಿದ.

"ಲೋ ಕೋಣ! ಪುಸ್ತಕ ಹೊಟ್ಟೆಗಲ್ಲ ಕಣೋ! ಗದ್ಯಾನಾದ್ರೂ ನಾಕು ಸಲ ತಿರುವಿ ಹಾಕು!"

"ಹಾಕ್ತೀನಿ ಸಾರ್."

ಅವ್ವ ರೊಟ್ಟಿ ತಟ್ಟುತ್ತಿದ್ದಳು, ಹೆಂಚು ಕಾದಿತ್ತು. ಗದ್ಯ ಹೆಂಚಿಗೆ ಹಾಕಿದ. ಒಂದು ಸಲ ತಿರುವಿ ಹಾಕಿದ, ಎರಡು ಸಲ ತಿರುವಿ ಹಾಕಿದ, ಮೂರನೇ ಸಲಕ್ಕೆ ಭಗ್ಗಂತ ಹತ್ತಿಕೊಂಡಿತು.

"ನಾಲ್ಕನೇದಕ್ಕೆ ಗದ್ಯಾನೇ ಉಳೀಲಿಲ್ಲ ಸಾರ್!"

"ಥೂ ಮಂಕೇ! ಇನ್ನು ವ್ಯಾಕರಣ ಮುಟ್ಟಬೇಡ! ದೂರ ಕೂತು ಕಣ್ಣಾಡಿಸು, ಸಾಕು!"

ಚಿಕ್ಕಸ್ವಾಮಿ ವ್ಯಾಕರಣವನ್ನು ಮಾರುದೂರ ಇಟ್ಟ. ಕಣ್ಣುಗುಡ್ಡೆ ಎಡಕ್ಕಾಡಿಸಿದ, ಬಲಕ್ಕಾಡಿಸಿದ, ಗರಗರ ಸುತ್ತಿಸಿದ.

"ಅಕ್ಕೋ! ನಿನ್ ಮಗನಿಗೆ ಮೂರ್ಛೆ ಬಂತು!" ಅಂತ ಪಕ್ಕದ ಮನೆ ಪುಟ್ಟಮಾದಮ್ಮ ಓಡಿ ಬಂದಳು. ಅವನ ಕೈಗೆ ಕಬ್ಬಿಣದ ಬೀಗದಕೈ ತುರುಕಿದಳು, ತಲೆಗೆ ಒಂದು ಕೊಡ ನೀರು ಸುರಿದಳು. ವ್ಯಾಕರಣ ತೇಲಿಕೊಂಡು ಚರಂಡಿಗೆ ಹೋಯಿತು.

ಮೇಷ್ಟ್ರು ಮೊಟ್ಟಮೊದಲ ಸಲ ಪೇಪರು ಮಡಚಿದರು. "ಕೈ ಮುಗೀತೀನಿ, ನನ್ನ ಮಾತು ಕೇಳಬೇಡ! ಪರೀಕ್ಷೇಲಿ ಪ್ರಶ್ನೆಪತ್ರಿಕೆ ಏನು ಹೇಳುತ್ತೋ ಅಷ್ಟು ಮಾಡು. ಮೊದಲನೇದು ಮುಗಿಸದೆ ಎರಡನೇದಕ್ಕೆ ಹೋಗಬೇಡ!"

ಪರೀಕ್ಷೆಯ ದಿನ ಗೇಟಿನ ಹೊರಗೆ ನಿಂಗಾಜಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಬೋರ್ಡಿನ ಮಾನಕ್ಕಂಜಿ ಮೇಷ್ಟ್ರೂ ಬಂದು ನಿಂತರು. ಗಂಟೆ ಹೊಡೆಯಿತು. ಚಿಕ್ಕಸ್ವಾಮಿ ಬೆವರು ಸುರಿಸುತ್ತ ಬಂದ.

"ಎಷ್ಟು ಬರೆದ್ಯೋ ಮಗ?"

"ಬರೆಯೋಕೆ ಪುರುಸೊತ್ತೆಲ್ಲಿತ್ತವ್ವ? ಮೊದಲನೇದೇ 'ಬಿಟ್ಟ ಸ್ಥಳ ತುಂಬಿರಿ' ಅಂತ. ಮೂರು ಜನ ಪರೀಕ್ಷೆಗೇ ಬಂದಿರಲಿಲ್ಲ, ಮೂರು ಸ್ಥಳ ಬಿಟ್ಟಿತ್ತು. ಒಂದರಲ್ಲಿ ಕೂತರೆ ಇನ್ನೆರಡು ಖಾಲಿ! ಎದ್ದು ಅಲ್ಲಿಗೋದ್ರೆ ಇದು ಖಾಲಿ! ಕಾವಲಿಗಿದ್ದ ಮೇಷ್ಟ್ರು ಬೇರೆ ಅಟ್ಟಿಸ್ಕೊಂಡು ಬರೋರು!"

"ನಿನ್ನ ಸ್ಥಳ ಏನಾಯ್ತೋ?" ಕಿರುಚಿದರು ಮೇಷ್ಟ್ರು.

"ನಾನೆದ್ದ ಮೇಲೆ ಅದೂ ಬಿಟ್ಟ ಸ್ಥಳವೇ ಅಲ್ವಾ ಸಾರ್! ನಾಕಾಯ್ತು!"

ನಿಂಗಾಜಮ್ಮ ಅಲ್ಲೇ ಕುಸಿದು ಕೂತಳು. "ಅಯ್ಯೋ ಪಾಪಿ! ನಿಮ್ಮಪ್ಪ ಬಿಟ್ಟ ಸ್ಥಳ ಇನ್ಯಾರು ತುಂಬ್ತಾರೋ!"

ಚಿಕ್ಕಸ್ವಾಮಿಗೆ ಅಳುವೇ ಬಂತು. "ಅದೂ ನಾನೇನಾ? ಐದಾಯ್ತಲ್ಲವ್ವ! ಒಬ್ಬನೇ ಎಷ್ಟು ಅಂತ ತುಂಬಲಿ?"