ಯಾರೂ ನೋಡದ ಕೊಂಬೆ

ಕೋತಿ ಕುಣಿದಾಗ ಕೊಂಬೆ ಮುರಿದು ಗೂಡು ಬಿತ್ತು, ಗೀಜಗನ ಹೆಂಡತಿ ಸತ್ತಳು. ಕೋತಿಯ ಬಾಲ ಕತ್ತರಿಸಲೇಬೇಕೆಂದು ಗೀಜಗ, ಕಾಡಿಗೆ ನ್ಯಾಯ ಹೇಳುವ, ಮರಿಗಳಿಗೆ ನ್ಯಾಯ ಕಲಿಸುವ ಗೂಗೆ ಮೇಷ್ಟ್ರ ಹತ್ತಿರ ಹೋದ.

"ಕುಣಿದದ್ದು ನಿಜ ತಾನೇ? ಕತ್ತರಿಸಿ," ಎಂದರು ಮೇಷ್ಟ್ರು.

"ತಡೀರಿ ಮೇಷ್ಟ್ರೇ, ಇವತ್ತಿನ ಪಾಠ ನಾವು ಮಾಡ್ತೀವಿ," ಎಂದು ಶಿಷ್ಯರು ಎಲ್ಲರನ್ನೂ ಮರದ ಬುಡಕ್ಕೆ ಕರೆತಂದರು. ಮರಕುಟಿಗ ಮುರಿದ ಕೊಂಬೆಯನ್ನು ಕುಟ್ಟಿ, "ಒಳಗೆ ಟೊಳ್ಳು," ಎಂದಿತು. ಇರುವೆ ಒಳಹೊಕ್ಕು ಬಂದು, "ಗೆದ್ದಲು ತಿಂದಿದೆ. ಪಕ್ಕದ ಕೊಂಬೆಗೂ ಹತ್ತಿದೆ," ಎಂದಿತು.

"ಇದೆಲ್ಲ ಯಾವ ಶಾಸ್ತ್ರದಲ್ಲಿದೆ?"

"ಮರದಲ್ಲಿದೆ, ಮೇಷ್ಟ್ರೇ."

ಗೀಜಗ ಮುರಿದ ಕೊಂಬೆಯ ಟೊಳ್ಳಿನೊಳಗೆ ಇಣುಕಿದ. ಹೆಂಡತಿ ಅವನು ಹೆಣೆದ ಗೂಡಿನ ಒಂದೊಂದು ಎಳೆಯನ್ನೂ ಜಗ್ಗಿ ನೋಡಿ ಒಪ್ಪಿದ್ದಳು. ಕೊಂಬೆಯನ್ನು ಇಬ್ಬರೂ ನೋಡಿರಲಿಲ್ಲ.

"ಬಾಲ ಇರಲಿ," ಎಂದ ಕೊನೆಗೆ. "ಪಕ್ಕದ ಕೊಂಬೆಯಲ್ಲಿ ಸಂಸಾರಗಳಿವೆ. ಮೊದಲು ಅವರಿಗೆ ಹೇಳಿ ಬರ್ತೀನಿ."